ಅರ್ಧ ಸಿಕ್ಕಿಸಿದ ಪಿನ್ನು

ನಾನು ಇಲ್ಲಿ ಹೇಳಲಿರುವ ವಿವರಗಳಲ್ಲಿ ಕೆಲವು ತಪ್ಪಿರಬಹುದು ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನನ್ನ ಕಂಪ್ಯೂಟರಿನ ಸ್ಪೀಕರುಗಳನ್ನು ಕೊಂಡದ್ದು ಬೇಸಿಗೆಯ ಆರಂಭದಲ್ಲೋ ನಡುವಿನಲ್ಲೋ, ಅಂಗಡಿಯವರು ಮೊದಲು ತೋರಿಸಿದ್ದು ದೊಡ್ಡದನ್ನೋ ಸಣ್ಣದನ್ನೋ, ಅವುಗಳ ಬಣ್ಣ ಕಪ್ಪೋ ಕಡುಗಂದೋ, ಯಾವುದಕ್ಕೂ ನಾನು ಪ್ರಮಾಣ ಮಾಡಲಾರೆ. ಬಣ್ಣದ ವಿಷಯವನ್ನಾದರೂ ಈಗಲೇ ಖಚಿತಪಡಿಸಿಕೊಳ್ಳಬಹುದು, ಏಕೆಂದರೆ ಇದನ್ನು ಬರೆಯುತ್ತಿರುವ ಮೇಜಿನ ಮೇಲೆಯೇ ಅವು ಕೂತಿವೆ. ಆದರೆ ಅವುಗಳ ಮೇಲೆ ನನ್ನದೊಂದು ಹಳೆಯ ದುಪಟ್ಟಾ ಹೊದಿಸಿದ್ದೇನೆ. ಕೇಳಿದವರಿಗೆ ಧೂಳು ಬೀಳಬಾರದೆಂದು ಹೇಳುತ್ತೇನೆ. ಕಲಬುರಗಿಯ ಧೂಳನ್ನು ಬಲ್ಲವರು ಯಾರೂ ಈ ಮಾತನ್ನು ಸಂಶಯಿಸಿಲ್ಲ.

ಕಂಪ್ಯೂಟರಿನ ಮುಖವನ್ನು ನಾವೆಲ್ಲ ದಿನವೂ ನೋಡುತ್ತೇವೆ. ಅದರ ಬೆನ್ನನ್ನು ನೋಡಿದವರು ಕಡಿಮೆ. ಮುಂದಿನಿಂದ ಅಷ್ಟೊಂದು ಶಿಸ್ತಾಗಿ ಕಾಣುವ ಯಂತ್ರ ಹಿಂದಿನಿಂದ ಥೇಟು ಹಿತ್ತಿಲು: ಜೇಡರ ಬಲೆ, ಗಂಟುಬಿದ್ದ ತಂತಿಗಳು, ಯಾವಾಗಲೋ ಕಳೆದುಹೋಗಿತ್ತೆಂದು ನಾವು ದುಃಖಿಸಿ ಮರೆತ ಪೆನ್ನಿನ ಮುಚ್ಚಳ. ಆ ಅವ್ಯವಸ್ಥೆಯ ನಡುವೆ ಹಸಿರು, ಗುಲಾಬಿ, ನೀಲಿ ಬಣ್ಣದ ಮೂರು ಪುಟ್ಟ ತೂತುಗಳು. ಗುಲಾಬಿಯದು ಯಂತ್ರದ ಕಿವಿ, ಹಸಿರಿನದು ಬಾಯಿ. ನೀಲಿಯದು ಏನೆಂದು ನನಗೆ ಯಾರೂ ಹೇಳಿಲ್ಲ, ನಾನೂ ಕೇಳಿಲ್ಲ. ಇತಿಹಾಸದಲ್ಲಿ ಸ್ನಾತಕೋತ್ತರ ಪದವಿ ಪಡೆದು, ಕಾಲೇಜಿನ ಮಕ್ಕಳಿಗೆ ಪ್ರತಿಯೊಂದು ಆಧಾರವನ್ನೂ ಅನುಮಾನಿಸಿರಿ ಎಂದು ಕಲಿಸುವ ನಾನು, ಹಿಂದೊಮ್ಮೆ ಇಡೀ ಮಧ್ಯಾಹ್ನ ಯಂತ್ರದ ಕಿವಿಯಲ್ಲಿ ಸ್ಪೀಕರಿನ ತಂತಿ ತುರುಕಿ, ಅದು ಮಾತಾಡುತ್ತಿಲ್ಲವಲ್ಲ ಎಂದು ಬೈದು ಕೂತಿದ್ದೆ.

ಆ ಹಳೆಯ ಸ್ಪೀಕರಿನ ದನಿ ಜೋಳದ ಚೀಲದೊಳಗೆ ಮುಖವಿಟ್ಟು ಮಾತಾಡುವವರ ದನಿಯಂತಿತ್ತು. ಒಂದು ದಿನ ಅದೂ ನಿಂತಿತು. ನಾನು ಹೊಸದು ಕೊಳ್ಳುವ ಗೋಜಿಗೆ ಹೋಗುತ್ತಿರಲಿಲ್ಲವೇನೋ, ಕಮಲಾಪುರದಲ್ಲಿ ನನ್ನ ಸೋದರತ್ತೆ ತನ್ನ ಟ್ರಂಕು ಒಪ್ಪ ಮಾಡುವಾಗ ಒಂದು ಕ್ಯಾಸೆಟ್ಟು ಸಿಗದೆ ಇದ್ದಿದ್ದರೆ. ಅದು ಆಯಿಯ ಕ್ಯಾಸೆಟ್ಟು. ಆಯಿ ಎಂದರೆ ಅಪ್ಪನ ತಾಯಿ. ಪಟೇಲನೊಬ್ಬನ ಎಮ್ಮೆ ಕಳೆದುಹೋಗಿ, ಊರಿನ ಪ್ರತಿಯೊಬ್ಬರೂ ಒಂದೊಂದು ದಿಕ್ಕು ತೋರಿಸಿ, ಕೊನೆಗೆ ಪಟೇಲನೇ ಕಳೆದುಹೋಗುವ ಕಥೆಯನ್ನು ಅವಳು ಹೇಳುತ್ತಿದ್ದಳು. ನನ್ನ ಕಾಕಾ ಎಲ್ಲಿಂದಲೋ ತಂದಿದ್ದ, ಎಡಬಲಕ್ಕೆ ಒಂದೊಂದು ಮೈಕಿದ್ದ ಎರಡು ಕಿವಿಯ ಟೇಪ್‌ರೆಕಾರ್ಡರನ್ನು ಮುಂದಿಟ್ಟು ಆ ಕಥೆಯನ್ನು ಹಿಡಿದಿದ್ದ. ಇಂದು ಆಯಿಯೂ ಇಲ್ಲ, ಕಾಕಾನೂ ಇಲ್ಲ, ಅಪ್ಪನೂ ಇಲ್ಲ. ಸ್ಟೇಶನ್ ಬಜಾರದಲ್ಲಿ ಹಳೆಯ ಮದುವೆ ಕ್ಯಾಸೆಟ್ಟುಗಳನ್ನು ಪೆನ್‌ಡ್ರೈವಿಗೆ ಇಳಿಸಿಕೊಡುವವರೊಬ್ಬರಿಂದ ಇದನ್ನೂ ಇಳಿಸಿಕೊಂಡು ಬಂದೆ. ಇಳಿಸಿ ಮುಗಿಯುತ್ತಿದ್ದಂತೆ ಅವರ ಯಂತ್ರ ಕ್ಯಾಸೆಟ್ಟಿನ ಟೇಪನ್ನು ಎಳೆದು ಕಡಿದುಬಿಟ್ಟಿತು. ಹಾಗಾಗಿ ಈಗ ಉಳಿದಿರುವುದು ನನ್ನ ಕಂಪ್ಯೂಟರಿನಲ್ಲಿರುವುದು ಮಾತ್ರ.

ಇಲ್ಲೊಂದು ಮಾತು ಹೇಳಬೇಕು. ನಾನು ತೀರ ಸಣ್ಣವಳಿದ್ದಾಗ ಅವ್ವ ತೀರಿಕೊಂಡಳು. ಅವಳದೊಂದು ಫೋಟೊ ಇದೆ, ಒಂದು ಇಳಕಲ್ ಸೀರೆ ಇದೆ, ಅಡಿಗೆಮನೆಯಲ್ಲಿ ಅವಳ ಹೆಸರು ಕೊರೆದ ಚರಿಗೆ ಇದೆ. ದನಿ ಇಲ್ಲ. ಎಷ್ಟು ಕಣ್ಣು ಮುಚ್ಚಿ ಕೂತರೂ ಅವಳು ನನ್ನನ್ನು ಹೇಗೆ ಕರೆಯುತ್ತಿದ್ದಳು ಎಂಬುದು ನನಗೆ ನೆನಪಾಗುವುದಿಲ್ಲ. ಕೇಳಿದರೆ ಮನೆಯವರೆಲ್ಲ ಒಂದೇ ಮಾತು ಹೇಳುತ್ತಿದ್ದರು: ಆಕೀ ಮಾತೇ ಕಡಿಮಿ. ಈ ಕ್ಯಾಸೆಟ್ಟಿನಿಂದಲೂ ನಾನು ಅವಳನ್ನು ನಿರೀಕ್ಷಿಸಿರಲಿಲ್ಲ. ಅತ್ತೆ ಫೋನಿನಲ್ಲಿ ಸ್ಪಷ್ಟವಾಗಿಯೇ ಹೇಳಿದ್ದಳು, ಅದನ್ನು ಹಿಡಿದದ್ದು ಅವ್ವ ಹೋಗಿ ವರ್ಷ ತುಂಬಿದ ಮೇಲೆ. ತಾಯಿಯಿಲ್ಲದ ಮಗುವಿಗೆ ನಿದ್ದೆ ಹತ್ತುತ್ತಿರಲಿಲ್ಲವೆಂದು ಆಯಿ ದಿನವೂ ಕಥೆ ಹೇಳುತ್ತಿದ್ದಳು. ನನಗೂ ಹಾಗೆಯೇ ನೆನಪು. ಆಯಿಯ ತೊಡೆ, ಅವಳ ಎಲೆಯಡಿಕೆಯ ಘಮ, ಹೂಂ ಅನ್ನುತ್ತ ಅನ್ನುತ್ತ ಭಾರವಾಗುವ ನನ್ನ ರೆಪ್ಪೆ. ಇದು ನಿಜವಾದ ನೆನಪೋ, ಹೇಳಿಸಿಕೊಂಡು ಹೇಳಿಸಿಕೊಂಡು ನನ್ನದಾದ ನೆನಪೋ, ಅದನ್ನು ನಾನು ಬಲ್ಲೆನೆಂದು ಹೇಳಲಾರೆ.

ಹೂಂ ಅನ್ನುವುದು ನಮ್ಮಲ್ಲಿ ಸಣ್ಣ ವಿಷಯವಲ್ಲ. ಕಥೆ ಹೇಳುವವರು ಒಂದು ವಾಕ್ಯ ಹೇಳಿ ನಿಲ್ಲುತ್ತಾರೆ. ಕೇಳುವವರು ಹೂಂ ಅಂದ ಮೇಲೆಯೇ ಮುಂದಿನ ವಾಕ್ಯ. ಹೂಂ ನಿಂತಿತೆಂದರೆ ಮಗು ಮಲಗಿತೆಂದು ಅರ್ಥ, ಕಥೆಯನ್ನು ಅಲ್ಲಿಗೇ ನಿಲ್ಲಿಸಿ ಹೇಳುವವರು ಎದ್ದು ಹೋಗಬಹುದು. ಆಯಿ ಇದಕ್ಕೊಂದು ಬೆದರಿಕೆಯನ್ನೂ ಸೇರಿಸಿದ್ದಳು. ಮಕ್ಕಳು ಉದಾಸೀನ ಮಾಡಿ ಸುಮ್ಮನೆ ಕೂತರೆ, ನೀವು ಅನ್ನದಿದ್ದರೆ ಬೇರೆ ಯಾರಾದರೂ ಅಂತಾರೆ ಎನ್ನುತ್ತಿದ್ದಳು. ಯಾರು ಎಂದು ಕೇಳುವ ಧೈರ್ಯ ನಮಗಿರಲಿಲ್ಲ. ನಾವು ಗಟ್ಟಿಯಾಗಿ ಹೂಂಗುಟ್ಟುತ್ತಿದ್ದೆವು.

ಸ್ಪೀಕರ್ ಆರಿಸಲು ನಾನು ತೆಗೆದುಕೊಂಡ ಕಾಲ ನೋಡಿ ನನ್ನ ಗಂಡನಿಗೆ ನಗು. ಅವರು ಕಪನೂರಿನ ಒಂದು ತೊಗರಿಬೇಳೆ ಮಿಲ್ಲಿನಲ್ಲಿ ಮೇಲ್ವಿಚಾರಕರು. ಯಂತ್ರಗಳ ಗದ್ದಲದಲ್ಲಿ ಆಯುಷ್ಯ ಕಳೆದು ಅವರ ಕಿವಿ ಸ್ವಲ್ಪ ಮಂದವಾಗಿದೆ, ನಾಲಗೆ ಆಗಿಲ್ಲ. “ಮನಿಗೆ ಸೊಸಿ ನೋಡೂಮುಂದ ಸುದ್ದಾ ಮಂದಿ ಇಷ್ಟು ನೋಡಂಗಿಲ್ಲ” ಎಂದರು. ನಾನಾದರೋ ತೂಕ, ತಂತಿಯ ಉದ್ದ, ಮರದ ಡಬ್ಬಿಯೋ ಪ್ಲಾಸ್ಟಿಕ್ಕೋ, ಕರೆಂಟು ಗೋಡೆಯಿಂದಲೋ ಯುಎಸ್‌ಬಿಯಿಂದಲೋ ಎಂದು ಓದಿದ್ದೇ ಓದಿದ್ದು. ಓದಿದಷ್ಟೂ ಅಜ್ಞಾನ ಹೆಚ್ಚಾಗುವ ವಿದ್ಯೆಗಳಲ್ಲಿ ಇದೂ ಒಂದು ಎಂದು ತಿಳಿದ ದಿನ ಓದು ನಿಲ್ಲಿಸಿ, ಸೂಪರ್ ಮಾರ್ಕೆಟ್ ಎಂದು ನಾವು ಕರೆಯುವ ಪೇಟೆಗೆ ಹೋದೆ.

ಅಂಗಡಿಯವರು ಗಾಜಿನ ಮೇಲೆ ಒಂದು ದೊಡ್ಡ ವೂಫರ್ ಇಟ್ಟು ಹಾಡು ಹಚ್ಚಿದರು. ಎದುರಿನ ಬಂಗಾರದಂಗಡಿಯ ಕನ್ನಡಿ ನಡುಗಿತು. “ಇದರ ಬೇಸ್ ನೋಡ್ರಿ ಮೇಡಮ್ಮೋರೆ. ಬಾಜೂ ಮನಿಯವರು ಬಂದು ಜಗಳಾ ತೆಗೀಲಿಲ್ಲಂದ್ರ ವಾಪಸ್ ತಂದು ಕೊಡ್ರಿ” ಎಂದು ಖಾತ್ರಿ ಕೊಟ್ಟರು. ನನಗೆ ಜಗಳ ಬೇಡ, ಒಬ್ಬ ಮುದುಕಿಯ ಮಾತು ತಿಳಿದರೆ ಸಾಕು ಎಂದೆ. ಅವರು ತುಸು ನಿರಾಶರಾದರು, ಆದರೂ ವ್ಯಾಪಾರಿ. ಒಳಗಿನಿಂದ ಜೋಡಿ ಡಬ್ಬಿಗಳನ್ನು ತಂದು, ಮಾತಿಗೆ ಇವೇ ಸಾಫು, ಒಂದನ್ನು ಎಡಕ್ಕೆ ಒಂದನ್ನು ಬಲಕ್ಕೆ ದೂರ ದೂರ ಇಡಿರಿ, ನಡುವೆ ನೀವು ಕೂಡಿರಿ ಎಂದು ಹೇಳಿ ಕಟ್ಟಿಕೊಟ್ಟರು.

ಮನೆಗೆ ಬಂದು ಹಚ್ಚಿದ್ದು ಮಧ್ಯಾಹ್ನ. ನಮ್ಮ ಬೇಸಿಗೆಯ ಮಧ್ಯಾಹ್ನವನ್ನು ನೀವು ಬಲ್ಲಿರಾದರೆ ಅದರ ಮೌನವನ್ನು ವರ್ಣಿಸಬೇಕಾಗಿಲ್ಲ. ಬೀದಿಯಲ್ಲಿ ನಾಯಿ ಕೂಡ ಇರುವುದಿಲ್ಲ, ಕಿಟಕಿ ಬಾಗಿಲುಗಳೆಲ್ಲ ಮುಚ್ಚಿ ಜನ ಕತ್ತಲೆಯನ್ನು ತಾವೇ ಮಾಡಿಕೊಂಡು ಅದರೊಳಗೆ ಮಲಗಿರುತ್ತಾರೆ. ಬಲಗಡೆಯ ಡಬ್ಬಿಯನ್ನು ಕಿಟಕಿಯ ಬಳಿ, ಎಡಗಡೆಯದನ್ನು ಮೇಜಿನ ಆ ತುದಿಯಲ್ಲಿ, ಮಂಚದ ಪಕ್ಕಕ್ಕೆ ಇಟ್ಟೆ. ಸಿಪಿಯು ಡಬ್ಬದ ಹಿಂದೆ ಕೈ ಹಾಕಿ, ಬೆರಳ ತುದಿಯಿಂದ ತೂತು ಹುಡುಕಿ, ಈ ಸಲ ಮರೆಯದೆ ಹಸಿರಿನದರಲ್ಲಿಯೇ ಪಿನ್ನು ಸಿಕ್ಕಿಸಿದೆ. ಟಕ್ ಎಂದು ಏನೋ ಕೇಳಿದ ಹಾಗಾಯಿತು. ಗುಂಡಿ ತಿರುಗಿಸಿದೆ.

ಆಯಿ ಮಾತಾಡಲಿಲ್ಲ. ಮೊದಲು ಬಂದದ್ದು ಒಂದು ಕೋಣೆಯ ಸದ್ದು. ಖಾಲಿ ಕೋಣೆಗೂ ಒಂದು ಸದ್ದಿರುತ್ತದೆಯಲ್ಲ, ಅದು. ದೂರದಲ್ಲಿ ಯಾರೋ ರೊಟ್ಟಿ ಬಡಿಯುವ ಪಟಪಟ. ಬಾವಿಯ ಆಳದಿಂದ ಬಂದಂತೆ, ಮಾತಲ್ಲ, ಮಾತು ಆಡಿ ಮುಗಿಸಿದ ಮೇಲೆ ಗೋಡೆಗಳಲ್ಲಿ ಉಳಿಯುವ ಗುಂಯ್. ಅದು ನಿಂತಿತು. ಆಮೇಲೆ ಎಡಗಡೆಯಿಂದ, ಬಹಳ ಹತ್ತಿರದಿಂದ, ಒಬ್ಬ ಹೆಂಗಸು ಹೂಂ ಅಂದಳು.

ಮತ್ತೆ ಗುಂಯ್, ಮತ್ತೆ ಮೌನ, ಮತ್ತೆ ಹೂಂ. ಎಮ್ಮೆ ಇಲ್ಲ, ಪಟೇಲನಿಲ್ಲ, ಹೇಳುವ ಆಯಿಯೇ ಇಲ್ಲ. ಕೇಳುತ್ತಿರುವವಳೊಬ್ಬಳು ಮಾತ್ರ ಇದ್ದಾಳೆ. ಅವಸರವಿಲ್ಲದ, ಸ್ವಲ್ಪ ದಣಿದ, ಆದರೆ ಕಥೆಯ ಮೇಲೆ ಮನಸ್ಸಿಟ್ಟ ಹೂಂ. ಒಂದು ಕಡೆ ಅದರಲ್ಲಿ ನಗು ಇತ್ತು. ಕೋಣೆಯ ಸೆಖೆಯಲ್ಲಿ ನನ್ನ ಮುಂಗೈಯ ರೋಮ ಎದ್ದು ನಿಂತಿದ್ದನ್ನು ನೋಡಿ ನಾನೇ ಬೆರಗಾದೆ. ಶರೀರಕ್ಕೆ ಪದವಿಯ ಹಂಗಿಲ್ಲ.

ಸಂಜೆ ಗಂಡನನ್ನು ಕರೆದು ಕೇಳಿಸಿದೆ. ಅವರು ಕಣ್ಣು ಕಿರಿದು ಮಾಡಿ, ತಲೆ ಓರೆ ಮಾಡಿ, ಬಹಳ ಹೊತ್ತು ಆಲಿಸಿ, ತಮಗೆ ರೊಟ್ಟಿ ಬಡಿಯುವುದು ಕೇಳಿಸಿತು, ಹಸಿವೂ ಆಯಿತು, ಮತ್ತೇನೂ ಕೇಳಲಿಲ್ಲ ಎಂದರು. ಆಮೇಲೆ ತಂತಿ ಸರಿಯಿಲ್ಲವೆಂದು ತೀರ್ಮಾನಿಸಿ, ಡಬ್ಬದ ಹಿಂದೆ ಬಗ್ಗಿ ಪಿನ್ನನ್ನು ಒತ್ತಿದರು. ಪಿನ್ನಿನ ಕೊರಳು ತಗಡಿನ ಅಂಚಿಗೆ ತಾಗಿ ಅರ್ಧ ಮಾತ್ರ ಒಳಗೆ ಹೋಗಿತ್ತಂತೆ. ಅದು ಪೂರ್ತಿ ಕೂತ ಕ್ಷಣ, ನಟ್ಟ ನಡುವಿನಿಂದ, ಇಷ್ಟು ವರ್ಷ ಎಲ್ಲಿಗೂ ಹೋಗಿರಲೇ ಇಲ್ಲವೆಂಬಂತೆ, ಆಯಿ ಎಮ್ಮೆ ಹುಡುಕುತ್ತಿದ್ದಳು. ಅವಳ ಮಾತಿನ ಬೆನ್ನಿಗೆ ಒಂದು ಎಳೆಯ ದನಿ ಹೂಂ ಅನ್ನುತ್ತಿತ್ತು; ಅದು ನಾನೇ ಇರಬೇಕು. ಹೆಂಗಸಿನ ದನಿ ಇಲ್ಲವೇ ಇಲ್ಲ. ಅಥವಾ ಇತ್ತು, ಆಯಿಯ ಗಟ್ಟಿ ಕಂಠದ ಹಿಂದೆ, ಬಾಗಿಲ ಮರೆಯಲ್ಲಿ ನಿಂತವರಂತೆ.

ನಮ್ಮ ಕಾಲೇಜಿನ ಭೌತಶಾಸ್ತ್ರದ ಉಪನ್ಯಾಸಕಿಗೆ ಇದನ್ನು ಹೇಳಿದೆ, ಹೂಂ ಅನ್ನುವುದನ್ನು ಬಿಟ್ಟು. ಆಕೆಗೆ ಆಶ್ಚರ್ಯವೇನೂ ಆಗಲಿಲ್ಲ. ಪಿನ್ನು ಅರ್ಧ ಕೂತರೆ ಒಂದು ಸಂಪರ್ಕ ತಪ್ಪಿ, ಎಡ ಬಲ ಎರಡರಲ್ಲೂ ಸಮನಾಗಿ ಇರುವ ದನಿ ಒಂದರಿಂದೊಂದು ಕಳೆದುಹೋಗಿ ಇಲ್ಲವಾಗುತ್ತದೆ. ಟೇಪ್‌ರೆಕಾರ್ಡರಿನ ಎದುರಿಗೆ ಕೂತವರು ಅಳಿಸಿಹೋಗುತ್ತಾರೆ, ಒಂದು ಮಗ್ಗುಲಿಗೆ ಕೂತವರು ಮಾತ್ರ ಉಳಿಯುತ್ತಾರೆ ಎಂದು ವಿವರಿಸಿದಳು. ವಿಜ್ಞಾನದ ವಿವರಣೆ ಕೇಳಿ ಭಯ ಹೋಗಬೇಕು. ನನ್ನದು ಗಟ್ಟಿಯಾಯಿತು. ಹಾಗಾದರೆ ಮಗ್ಗುಲಿಗೆ ಒಬ್ಬರು ಕೂತಿದ್ದದ್ದು ನಿಜ.

ಆ ಮೇಲೆ ನನಗೊಂದು ಚಟ ಹತ್ತಿತು. ಮಧ್ಯಾಹ್ನ ಊಟವಾದ ಮೇಲೆ ಪಿನ್ನನ್ನು ಅರ್ಧ ಎಳೆದು ಕೇಳುತ್ತ ಕೂಡುವುದು. ಒಮ್ಮೆ ಪೂರ್ತಿ ಒತ್ತಿ, ಒಮ್ಮೆ ಅರ್ಧ ಎಳೆದು, ಎರಡನ್ನೂ ಹೊಂದಿಸಿ ನೋಡಿದಾಗ ತಿಳಿದದ್ದು ಇಷ್ಟು: ಕಥೆಯ ನಡುವಿನಲ್ಲೆಲ್ಲೋ ಎಳೆಯ ಹೂಂ ನಿಂತುಹೋಗುತ್ತದೆ. ಮಗು ಮಲಗಿತು. ಆಯಿ ಎದ್ದು ಹೋಗಬೇಕಿತ್ತು. ಹೋಗಲಿಲ್ಲ. ದನಿ ತಗ್ಗಿಸಿ, ಕೊನೆಯವರೆಗೂ ಕಥೆ ಹೇಳಿದ್ದಾಳೆ, ಪ್ರತಿ ವಾಕ್ಯಕ್ಕೂ ನಿಂತು ಕಾದಿದ್ದಾಳೆ, ಪ್ರತಿ ಸಲವೂ ಎಡಗಡೆಯಿಂದ ಉತ್ತರ ಬಂದಿದೆ.

ಈ ದನಿ ಅವ್ವನದಾಗಿರಲಿ ಎಂದು ನಾನು ಎಷ್ಟು ಬಯಸುತ್ತಿದ್ದೆನೆಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಬೇಕಾದದ್ದನ್ನು ಕೇಳುವ ಕಿವಿ ಸಾಕ್ಷಿಯಲ್ಲ ಎಂದು ತರಗತಿಯಲ್ಲಿ ಹೇಳುವವಳೂ ನಾನೇ. ಆದ್ದರಿಂದ ಬೇರೆ ದಾರಿಗಳನ್ನು ಹುಡುಕಿದೆ. ನೆರೆಮನೆಯ ಹೆಂಗಸು ಬಂದು ಕೂತಿರಬಹುದು. ಅತ್ತೆಗೆ ಫೋನು ಮಾಡಿ, ಅಂದು ಊರ ಮನೆಯಲ್ಲಿ ಯಾರಿದ್ದರು ಎಂದು ಸಹಜವಾಗಿ ಕೇಳುವವಳಂತೆ ಕೇಳಿದೆ. “ಯಾರಿರ್ತಾರವಾ? ಆಯಿ, ನೀ, ನಿಮ್ಮ ಕಾಕಾ. ನಾ ಒಲಿ ಮುಂದ. ಸಪ್ಪಳ ಬರತದಂತ ನಿಮ್ಮ ಕಾಕಾ ತಲಬಾಗಲಾ ಚಿಲಕಾ ಹಾಕಿದ್ದ. ಬೆಕ್ಕು ಸುದ್ದಾ ಹೊರಗ” ಎಂದಳು. ಅಪ್ಪ ಅಂದು ಕಲಬುರಗಿಯಲ್ಲೇ ಡ್ಯೂಟಿ ಮೇಲಿದ್ದನಂತೆ.

ಅತ್ತೆಯ ನೆನಪು ತಪ್ಪಿರಬಹುದು. ಅವ್ವ ಇನ್ನೂ ಬದುಕಿದ್ದಾಗಲೇ ಇದನ್ನು ಹಿಡಿದಿರಬಹುದು. ಅದು ನಿಜವಾದರೆ ನನಗೆ ಅವ್ವನ ದನಿ ಸಿಕ್ಕಿತು. ಅತ್ತೆಯ ನೆನಪೇ ಸರಿಯಿದ್ದರೆ? ಅಲ್ಲಿಗೆ ಬಂದು ನನ್ನ ತರ್ಕ ಪ್ರತಿದಿನವೂ ಎದ್ದು ಚಹಾ ಕಾಸಲು ಹೋಗುತ್ತಿತ್ತು. ಆ ದಿನಗಳಲ್ಲಿ ವಿದ್ಯಾರ್ಥಿಗಳ ಉತ್ತರಗಳನ್ನು ಗಟ್ಟಿಯಾಗಿ ಓದಿ ತಿದ್ದುವ ನನ್ನ ಹಳೆಯ ರೂಢಿಯನ್ನು ಬಿಟ್ಟೆ. ಒಂದು ಮಧ್ಯಾಹ್ನ ಹಾಗೆ ಓದುತ್ತ ಒಂದು ವಾಕ್ಯದ ಕೊನೆಗೆ ನಿಂತಿದ್ದೆ, ಸುಮ್ಮನೆ, ಉಸಿರಿಗೆ. ಸ್ಪೀಕರು ಆರಿತ್ತು. ಮನೆಯಲ್ಲಿ ಯಾರೂ ಇರಲಿಲ್ಲ. ಆ ನಿಲುಗಡೆ ಅಗತ್ಯಕ್ಕಿಂತ ತುಸು ಉದ್ದವಾಗುತ್ತಿದೆ ಎನ್ನಿಸಿ ನಾನು ಜೋರಾಗಿ ಕೆಮ್ಮಿಬಿಟ್ಟೆ. ಕೆಮ್ಮು ಬಂದಿರಲಿಲ್ಲ.

ಮಳೆಗಾಲಕ್ಕೆ ಮುಂಚೆ ಅತ್ತೆ ಕಣ್ಣು ತೋರಿಸಲು ಕಲಬುರಗಿಗೆ ಬಂದಳು. ಕಮಲಾಪುರದ ಕೆಂಪು ಬಾಳೆಹಣ್ಣಿನ ಚೀಲವನ್ನು ನನ್ನ ಕೈಗೆ ಕೊಟ್ಟು, ನಾನು ಸೊರಗಿದ್ದೇನೆಂದೂ, ಇದಕ್ಕೆ ಕಾರಣ ಕಂಪ್ಯೂಟರೆಂದೂ ಬಂದ ಕೂಡಲೇ ಹೇಳಿದಳು. ಅವ್ವನ ಬಳಿಕ ನನ್ನನ್ನು ಸಾಕಿದವಳು ಅವಳೇ. ನನ್ನ ಎಲ್ಲ ಕಾಯಿಲೆಗಳ ಕಾರಣ ಅವಳಿಗೆ ಗೊತ್ತು. ಊಟ ಮುಗಿಸಿ ಮಂಚದ ಮೇಲೆ, ಎಡಗಡೆಯ ಸ್ಪೀಕರಿನ ಪಕ್ಕಕ್ಕೆ ಕಾಲು ಮಡಚಿ ಕೂತಳು. ಆಯಿಯನ್ನು ಕೇಳಿಸುತ್ತೇನೆ ಎಂದೆ.

ಮೊದಲು ಪಿನ್ನನ್ನು ಪೂರ್ತಿ ಒತ್ತಿ ಹಚ್ಚಿದೆ. ಆಯಿಯ ಮೊದಲ ಮಾತಿಗೇ ಅತ್ತೆಯ ಮುಖ ಮೆತ್ತಗಾಯಿತು. ಎರಡನೆಯ ಮಾತಿಗೆ, ತನಗೇ ತಿಳಿಯದಂತೆ, ಹಾಂ ಅಂದಳು. ತಾಯಿ ಕಥೆ ಹೇಳುತ್ತಿರುವಾಗ ಮಗಳಾದವಳು ಸುಮ್ಮನೆ ಹೇಗೆ ಕೂತಾಳು? ಮೂಗಿನಿಂದ ಬರುವ, ತುದಿಯಲ್ಲಿ ಮೇಲೆ ಹೋಗುವ ಹಾಂ. ಎಡಗಡೆಯ ಆ ಹೂಂ ಅತ್ತೆಯದೇ ಇರಬಹುದೇ ಎಂದು ನಾನು ಆಲಿಸಿದೆ. ಅದು ಕ್ಯಾಸೆಟ್ಟಿನ ದನಿಯಲ್ಲ. ವಯಸ್ಸು ದನಿಯನ್ನು ಬದಲಿಸುತ್ತದೆ, ನಿಜ. ಆದರೆ ಎತ್ತುವ ಇಳಿಸುವ ಬಗೆಯನ್ನು ಅಷ್ಟೊಂದು ಬದಲಿಸುತ್ತದೆಯೇ?

ಕಥೆ ನಡುವಿಗೆ ಬಂದು ಎಳೆಯ ಹೂಂ ನಿಂತಿತು. ನಾನು ಬಗ್ಗಿ ಪಿನ್ನನ್ನು ಅರ್ಧ ಎಳೆದೆ.

ಆಯಿ ಹೊರಟುಹೋದಳು. ಕೋಣೆಯ ಸದ್ದು ಬಂತು, ಪಟಪಟ ಬಂತು. ಅತ್ತೆ ಕೈಯೆತ್ತಿದಳು. “ಇದು ನಾ ರೊಟ್ಟಿ ಬಡಿಯೂ ಸಪ್ಪಳ ನೋಡು. ಅವತ್ತ ಹಿಟ್ಟಿಗೆ ಜಿಗಿನೇ ಇದ್ದಿಲ್ಲ” ಎಂದಳು, ಸಂತೋಷದಿಂದಲೇ. ಆ ಮಾತು ಅವಳ ಬಾಯಲ್ಲಿರುವಾಗಲೇ ಪಟಪಟದ ಮೇಲೆ, ಅದು ನಿಲ್ಲದೆ ನಡೆದಿರುವಾಗಲೇ, ಹೂಂ ಬಂತು.

ಅತ್ತೆಯ ಕೈ ಮೇಲೆಯೇ ನಿಂತಿತು. ಇನ್ನೊಂದು ಹೂಂ ಬಂತು. ಅವಳು ಪರದೆಯನ್ನು ನೋಡಲಿಲ್ಲ, ನನ್ನನ್ನು ನೋಡಲಿಲ್ಲ. ಎಡಗಡೆಯ ಆ ಸಣ್ಣ ಡಬ್ಬಿಯ ಕಡೆಗೂ ತಿರುಗಲಿಲ್ಲ. ಅದರ ಮೇಲೆ, ನಿಂತ ಹೆಂಗಸೊಬ್ಬಳ ಮುಖ ಇರಬಹುದಾದ ಎತ್ತರಕ್ಕೆ ನೋಡಿದಳು. ಹೆದರಿದವಳ ನೋಟವಲ್ಲ ಅದು. ಆಮೇಲೆ ಸೆರಗನ್ನು ಮಡಿಲಿಗೆ ಸೇರಿಸಿಕೊಂಡು, ಗೋಡೆಯ ಕಡೆಗೆ ತುಸು ಸರಿದು ಕೂತಳು. ಹಾಸಿಗೆಯ ಮೇಲೆ ಅವಳ ಪಕ್ಕಕ್ಕೆ ಒಬ್ಬರು ಕೂಡುವಷ್ಟು ತೆರವಾಯಿತು. ಅಷ್ಟು ಸಲೀಸಾಗಿ, ಅಷ್ಟು ರೂಢಿಯಿಂದ ಸರಿದಳು ಎಂದರೆ, ನಾನೂ ಒಂದು ಕ್ಷಣ ಕುರ್ಚಿಯನ್ನು ಹಿಂದೆಳೆದುಕೊಂಡು ದಾರಿ ಬಿಟ್ಟೆ.

ಕಥೆ ಮುಗಿಯಿತು. ಅತ್ತೆಯನ್ನು ನಾನು ಒಂದು ಮಾತು ಕೇಳಿದೆ. ಅತ್ತೆ ತನ್ನ ಚಾಳೀಸು ಕನ್ನಡಕ ಹುಡುಕಿ ಹಾಕಿಕೊಂಡು, ಕಮಲಾಪುರದ ಬಸ್ಸು ತಪ್ಪುತ್ತದೆ ಎಂದು ಎದ್ದಳು. ಬಸ್‌ಸ್ಟ್ಯಾಂಡಿಗೆ ಹೋಗುವ ಆಟೋದಲ್ಲಿ ಮತ್ತೊಮ್ಮೆ ಕೇಳಿದೆ; ನನ್ನ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಇಟ್ಟುಕೊಂಡು ಹೊರಗೆ ನೋಡಿದಳು. ಅಂದಿನಿಂದ ಎಷ್ಟೋ ಸಲ ಫೋನಿನಲ್ಲಿ ಮಾತಾಡಿದ್ದೇವೆ. ಅವಳ ಕಣ್ಣಿನ ಹನಿಯೌಷಧ, ನನ್ನ ಪರೀಕ್ಷೆಯ ಡ್ಯೂಟಿ, ಪೇಟೆಯ ದರ, ಎಲ್ಲ ಬಂದು ಹೋಗಿವೆ. ಇದು ಅವ್ವನ ದನಿಯೇನು ಎಂದು ನಾನು ಕೇಳಿರಲಿಲ್ಲ. ಮಂಚದ ಮೇಲೆ ಖಾಲಿ ಬಿದ್ದಿದ್ದ ಆ ಜಾಗವನ್ನು ತೋರಿಸಿ ನಾನು ಕೇಳಿದ್ದು ಇಷ್ಟೇ:

“ಅತ್ತಿ, ಯಾರಿಗೆ ಜಾಗಾ ಮಾಡಿ ಕೊಟ್ಟಿ?”